ನಿಮಗಿದು ಗೊತ್ತೇ? ಕಾಸಿಲ್ಲದೆ ಕಂಪೈಲರು, ಕೇಳಿದಷ್ಟು ಲೈಬ್ರರಿ!

ಅಂಗಡಿಯ ಲೆಕ್ಕಕ್ಕೋ, ಶಾಲೆಯ ಅಂಕಪಟ್ಟಿಗೋ, ಹಾಲಿನ ಡೇರಿಯ ಬಟವಾಡೆಗೋ ನೀವೇ ಒಂದು ಸಾಫ್ಟ್‌ವೇರ್ ಬರೆಯಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಕೇಳಿ. ಅದಕ್ಕೆ ಬೇಕಾದ ಸಲಕರಣೆಗಳಿಗೆ ಒಂದು ರೂಪಾಯಿಯೂ ಬೇಕಿಲ್ಲ! ನೀವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ಕಂಪೈಲರು ಬಿಟ್ಟಿ. ಕಿಟಕಿ, ಬಟನ್ನು, ಮೆನು ಎಲ್ಲವನ್ನೂ ಮೊದಲೇ ಮಾಡಿಟ್ಟಿರುವ ಲೈಬ್ರರಿಯೂ ಬಿಟ್ಟಿ. ಅವುಗಳ ಹಿಂದಿನ ಕಥೆಗಳಂತೂ ಒಂದಕ್ಕಿಂತ ಒಂದು ವಿಚಿತ್ರ!

ಮೊದಲು ಹಳೆಯ ರೇಟು ಕೇಳಿ. 1983ರಲ್ಲಿ ಟರ್ಬೊ ಪ್ಯಾಸ್ಕಲ್ ಎಂಬ ಕಂಪೈಲರು 49.95 ಡಾಲರಿಗೆ ಮಾರುಕಟ್ಟೆಗೆ ಬಂತು. ಇಷ್ಟು ಅಗ್ಗವೇ ಎಂದು ಜನ ಬೆರಗಾದರು. ಆಗ ಉಳಿದ ಕಂಪೈಲರುಗಳಿಗೆ ನೂರಾರು ಡಾಲರು ಎಣಿಸಬೇಕಿತ್ತು! ಇವತ್ತು ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಫ್ರೀ ಪ್ಯಾಸ್ಕಲ್ ನಿಮಗೆ ಡೌನ್‌ಲೋಡಿನ ಖರ್ಚಿನಲ್ಲೇ ಸಿಗುತ್ತದೆ.

‘ಫ್ರೀ’ ಎಂಬ ಒಂದು ಪದ ಎಂಥ ಎಡವಟ್ಟು ಮಾಡಿತು ಗೊತ್ತೇ? ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತೇನೆ ಎಂದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದರು. ಅದಕ್ಕೊಂದು ಕಂಪೈಲರು ಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಫ್ರೀ ಯೂನಿವರ್ಸಿಟಿ ಕಂಪೈಲರ್ ಕಿಟ್’ ಇದೆ ಎಂದು ತಿಳಿದು, ಅದನ್ನು ಕಟ್ಟಿದ ಆಂಡ್ರೂ ಟ್ಯಾನೆನ್‌ಬಾಮ್ ಅವರಿಗೆ ಪತ್ರ ಬರೆದರು. ಉತ್ತರ ಬಂತು. ಫ್ರೀ ಆಗಿರುವುದು ಯೂನಿವರ್ಸಿಟಿ, ಕಂಪೈಲರಲ್ಲ!

ನಮ್ಮ ಕನ್ನಡಕ್ಕೆ ಈ ಗೊಂದಲವೇ ಇಲ್ಲ ನೋಡಿ! ಕಾಸು ಕೊಡದೆ ಸಿಕ್ಕಿದ್ದು ಪುಕ್ಕಟೆ. ಬೀಗ ಹಾಕದೆ ಬಿಟ್ಟದ್ದು ಮುಕ್ತ. ಎರಡಕ್ಕೂ ಬೇರೆ ಬೇರೆ ಪದ. ಸಾಫ್ಟ್‌ವೇರ್ ಆರಿಸುವಾಗ ಈ ಎರಡು ಪದಗಳನ್ನು ಎದುರಿಗಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಬೋರ್ಲ್ಯಾಂಡ್ ಕಂಪನಿ 2000ದಲ್ಲಿ ತನ್ನ ಸಿ ಪ್ಲಸ್ ಪ್ಲಸ್ 5.5 ಕಂಪೈಲರನ್ನು ಪುಕ್ಕಟೆ ಕೊಟ್ಟಿತು, ಆದರೆ ಒಳಗಿನ ಕೋಡು ತೋರಿಸಲಿಲ್ಲ. ಪುಕ್ಕಟೆ ಹೌದು, ಮುಕ್ತ ಅಲ್ಲ!

ಸ್ಟಾಲ್ಮನ್ ಸುಮ್ಮನಾಗಲಿಲ್ಲ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ‘ಪ್ಯಾಸ್ಟೆಲ್’ ಎಂಬ ಕಂಪೈಲರು ತಂದರು. ಅದಕ್ಕೆ ಸಿ ಭಾಷೆಯನ್ನೂ ಕಲಿಸಿದರು. ಆಮೇಲೆ ನೋಡಿದರೆ, ಅದು ಓಡಲು ಕೇಳುತ್ತಿದ್ದದ್ದು ಹಲವು ಮೆಗಾಬೈಟು ಸ್ಟ್ಯಾಕ್ ಜಾಗ. ಅವರ ಯಂತ್ರ ಕೊಡುತ್ತಿದ್ದದ್ದು ಬರೀ 64 ಕಿಲೋಬೈಟು! ಮೂಟೆ ಅಕ್ಕಿ ಬೇಯಿಸಲು ಒಂದು ಲೋಟ ಹಿಡಿದುಕೊಂಡು ನಿಂತಂತೆ.

ಕೊನೆಗೆ ಅವರು ಹೊಸ ಕಂಪೈಲರನ್ನೇ ಬರೆದರು. 1987ರಲ್ಲಿ ಹೊರಬಂತು ಜಿಸಿಸಿ. ಪ್ಯಾಸ್ಟೆಲಿನ ಸ್ವಂತ ಕೋಡು ಅದರೊಳಗೆ ಒಂದು ಸಾಲೂ ಇಲ್ಲ. ಆದರೆ ಅದಕ್ಕೆಂದು ತಾವು ಬರೆದಿದ್ದ ಸಿ ಭಾಗವನ್ನು ಸ್ಟಾಲ್ಮನ್ ಹೊಂದಿಸಿ ಬಳಸಿಕೊಂಡರು. ಸೋತ ಕೆಲಸವೂ ವ್ಯರ್ಥವಾಗಲಿಲ್ಲ!

ಈ ಜಿಸಿಸಿಯ ಹಳೆಯ 1.17 ಆವೃತ್ತಿ ಒಂದು ತುಂಟತನ ಮಾಡುತ್ತಿತ್ತು. ಸಿ ಭಾಷೆಯಲ್ಲಿ ‘ಪ್ರಾಗ್ಮಾ’ ಎಂಬ ಸೂಚನೆ ಇದೆ. ಅದನ್ನು ಕಂಡಾಗ ಕಂಪೈಲರು ತನಗೆ ತೋಚಿದ್ದು ಮಾಡಬಹುದು ಎಂದು ನಿಯಮ ಹೇಳುತ್ತಿತ್ತು. ಜಿಸಿಸಿಗೆ ತೋಚಿದ್ದೇನು? ಕೆಲಸ ನಿಲ್ಲಿಸಿ ‘ನೆಟ್‌ಹ್ಯಾಕ್’ ಆಟ ಶುರುಮಾಡಲು ನೋಡುತ್ತಿತ್ತು! ಅದು ಸಿಗದಿದ್ದರೆ ‘ರೋಗ್’ ಎಂಬ ಇನ್ನೊಂದು ಆಟ. ಅದೂ ಇಲ್ಲವೇ? ಹನೋಯಿ ಗೋಪುರದ ಒಗಟು!

ಮೊಸರಿಗೆ ಹೆಪ್ಪು ಹಾಕಲು ಮೊಸರೇ ಬೇಕಲ್ಲವೇ? ಕಂಪೈಲರೂ ಹಾಗೆಯೇ! ಜಿಸಿಸಿಯನ್ನು ಕಟ್ಟಲು ಮೊದಲು ಒಂದು ಕಂಪೈಲರು ಬೇಕು. ಪಕ್ಕದ ಮನೆಯ ಹೆಪ್ಪಿನಂತೆ ಬೇರೆ ಯಾವುದೋ ಕಂಪೈಲರಿನಿಂದ ಮೊದಲ ಜಿಸಿಸಿ ತಯಾರಾಗುತ್ತದೆ. ಆ ಜಿಸಿಸಿ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗೆ ಹುಟ್ಟಿದ್ದು ಮತ್ತೊಮ್ಮೆ ಕಟ್ಟಿಕೊಳ್ಳುತ್ತದೆ. ಎರಡನೆಯದೂ ಮೂರನೆಯದೂ ಬೈಟಿಗೆ ಬೈಟು ತಾಳೆಯಾದರೆ ಮಾತ್ರ ಪಾಸು!

ಆ ಹೆಪ್ಪೇ ಕೆಟ್ಟಿದ್ದರೆ? ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ 1984ರಲ್ಲಿ ಇದನ್ನೇ ತೋರಿಸಿ ಎಲ್ಲರ ನಿದ್ದೆ ಕೆಡಿಸಿದರು. ಲಾಗಿನ್ ಪ್ರೋಗ್ರಾಮನ್ನು ಕಂಡರೆ ಅದಕ್ಕೊಂದು ಕಳ್ಳಬಾಗಿಲು ಇಡುವ ಕಂಪೈಲರು. ಅಷ್ಟೇ ಅಲ್ಲ, ತನ್ನದೇ ಕೋಡನ್ನು ಕಂಡರೆ ಈ ಕಳ್ಳಬುದ್ಧಿಯನ್ನು ಮುಂದಿನ ಪೀಳಿಗೆಗೂ ದಾಟಿಸುತ್ತದೆ. ಮೂಲ ಕೋಡನ್ನು ಓದಿದರೆ? ಎಲ್ಲ ಸ್ವಚ್ಛ, ಕಳ್ಳನ ಸುಳಿವೇ ಇಲ್ಲ!

‘ಸಾಧ್ಯವಿಲ್ಲ’ ಎಂಬ ಮಾತಿನಿಂದ ಒಂದು ಕಂಪೈಲರು ಹುಟ್ಟಿದೆ! ಜಿಸಿಸಿಯನ್ನು ಅಂದಿನ ಪಿಸಿಗಳ ಆಪರೇಟಿಂಗ್ ಸಿಸ್ಟಮ್ ಡಾಸ್‌ಗೆ ತರುತ್ತೀರಾ ಎಂದು ಡಿ. ಜೆ. ಡೆಲೋರಿ ಎಂಬವರು ಸ್ಟಾಲ್ಮನ್ ಅವರನ್ನೇ ಕೇಳಿದರು. ಆಗುವುದಿಲ್ಲ, ಜಿಸಿಸಿ ತೀರಾ ದೊಡ್ಡದು, ಡಾಸ್ 16 ಬಿಟ್ಟಿನದು ಎಂದರು ಸ್ಟಾಲ್ಮನ್. ಡೆಲೋರಿ 1989ರಲ್ಲಿ ಮಾಡಿಯೇ ತೋರಿಸಿದರು. ಅದರ ಹೆಸರು ಡಿಜೆಜಿಪಿಪಿ. 1996ರಲ್ಲಿ ಜಗತ್ತನ್ನೇ ಕುಣಿಸಿದ ‘ಕ್ವೇಕ್’ ಆಟದ ಡಾಸ್ ಆವೃತ್ತಿ ತಯಾರಾದದ್ದು ಇದೇ ಬಿಟ್ಟಿ ಕಂಪೈಲರಿನಲ್ಲಿ!

ಇನ್ನೊಂದು ಸಂಗತಿ. 1991ರ ಆಗಸ್ಟಿನಲ್ಲಿ ಲೈನಸ್ ಟೊರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಲಿನಕ್ಸಿನ ಸುದ್ದಿಯನ್ನು ಮೊದಲ ಬಾರಿ ಜಗತ್ತಿಗೆ ಹೇಳಿದ ಪುಟ್ಟ ಪತ್ರದಲ್ಲಿ ಜಿಸಿಸಿ 1.40ರ ಹೆಸರಿದೆ. ಲಿನಕ್ಸ್ ಹುಟ್ಟುವ ಮೊದಲೇ ಅದರ ಸೂಲಗಿತ್ತಿ ಸಿದ್ಧಳಾಗಿದ್ದಳು!

1997ರಲ್ಲಿ ಜಿಸಿಸಿಯ ಕೆಲಸ ತೀರಾ ನಿಧಾನ ಎಂದು ಬೇಸತ್ತ ಕೆಲವರು ಅದರ ಪ್ರತಿ ತೆಗೆದುಕೊಂಡು ಬೇರೆ ಸಂಸಾರ ಹೂಡಿದರು. ಅದರ ಹೆಸರು ಇಜಿಸಿಎಸ್. ಅದು ಎಷ್ಟು ಚೆನ್ನಾಗಿ ಬೆಳೆಯಿತೆಂದರೆ, 1999ರಲ್ಲಿ ಅದನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಳ್ಳಲಾಯಿತು. ಮನೆ ಬಿಟ್ಟು ಹೋದ ಮಗನೇ ಬಂದು ಯಜಮಾನನಾದ!

ಮುಕ್ತ ಕಂಪೈಲರಿನಲ್ಲಿ ಮಾಡಿದ ಸಾಫ್ಟ್‌ವೇರನ್ನೂ ಮುಕ್ತವಾಗಿಯೇ ಕೊಡಬೇಕು ಎಂದು ಹೆದರುತ್ತೀರಾ? ಎಷ್ಟೋ ಜನ ಹೀಗೆಯೇ ತಪ್ಪು ತಿಳಿದಿದ್ದಾರೆ. ಬೇಕಿಲ್ಲ! ಜಿಸಿಸಿಯ ಲೈಸೆನ್ಸಿನಲ್ಲಿ ಇದಕ್ಕೆಂದೇ ವಿನಾಯಿತಿ ಬರೆದಿದೆ. ನಿಮ್ಮ ಪ್ರೋಗ್ರಾಮು ನಿಮ್ಮದು. ಕೋಡು ಮುಚ್ಚಿಟ್ಟು ಮಾರಿದರೂ ಯಾರೂ ಕೇಳುವುದಿಲ್ಲ.

ಆದರೆ ಕಂಪೈಲರಿಗೇ ಕೈ ಹಾಕಿ ತಿದ್ದಿ ಹಂಚಿದರೆ ಕಥೆ ಬೇರೆ! ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಜಿಸಿಸಿಗೆ ಆಬ್ಜೆಕ್ಟಿವ್-ಸಿ ಭಾಷೆ ಸೇರಿಸಿತು. ತನ್ನ ಭಾಗವನ್ನು ಮುಚ್ಚಿಡಲು ನೋಡಿತು. ಲೈಸೆನ್ಸ್ ಬಿಡಲಿಲ್ಲ. ಕೋಡನ್ನು ಎಲ್ಲರಿಗೂ ಕೊಡಲೇಬೇಕಾಯಿತು!

ನಿಮ್ಮ ಹತ್ತಿರ ವಿಂಡೋಸ್ ಇಲ್ಲವೇ? ಆದರೂ ವಿಂಡೋಸಿನ ಪ್ರೋಗ್ರಾಮು ಮಾಡಬಹುದು! ಜಿಸಿಸಿಯ ಒಂದು ಕವಲು ಮಿಂಗ್‌ಡಬ್ಲ್ಯು. ಅದನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ, ಅಲ್ಲೇ ಕುಳಿತು ವಿಂಡೋಸಿನ ಇಎಕ್ಸ್‌ಇ ಫೈಲು ತೆಗೆಯಬಹುದು. ಶಿವಮೊಗ್ಗದಲ್ಲಿ ಒಲೆ ಹಚ್ಚಿ ಬಳ್ಳಾರಿಯ ತಟ್ಟೆಗೆ ಬಡಿಸಿದಂತೆ!

ಈಗ ಜಿಸಿಸಿಯ ದೊಡ್ಡ ಪ್ರತಿಸ್ಪರ್ಧಿಗೆ ಬನ್ನಿ. ಎಲ್‌ಎಲ್‌ವಿಎಂ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಕ್ರಿಸ್ ಲ್ಯಾಟ್ನರ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು. ಅವರ ಗುರು ವಿಕ್ರಮ್ ಅದ್ವೆ, ಐಐಟಿ ಬಾಂಬೆಯಲ್ಲಿ ಓದಿದವರು! ಓದುವಾಗ ಮಾಡಿದ ಕೆಲಸ ಮುಂದೆ ಆಪಲ್ ಕಂಪನಿಯ ಕಂಪೈಲರಾಯಿತು. ವಿಂಡೋಸಿನಲ್ಲಿ ಓಡುವ ಗೂಗಲ್ ಕ್ರೋಮ್ ಕೂಡ 2018ರಿಂದ ಇದರ ಕೂಸಾದ ಕ್ಲ್ಯಾಂಗಿನಲ್ಲೇ ತಯಾರಾಗುತ್ತಿದೆ.

ಎಲ್‌ಎಲ್‌ವಿಎಂ ಅಂದರೆ ಯಾವುದರ ಹ್ರಸ್ವರೂಪ? ಮೊದಲು ‘ಲೋ ಲೆವೆಲ್ ವರ್ಚುವಲ್ ಮಷೀನ್’ ಆಗಿತ್ತು. ಈಗ ಯಾವುದರದ್ದೂ ಅಲ್ಲ! ಆ ನಾಲ್ಕಕ್ಷರವೇ ಪೂರ್ತಿ ಹೆಸರು ಎಂದು ಅವರೇ ಹೇಳಿಬಿಟ್ಟಿದ್ದಾರೆ.

ಅದರ ಲಾಂಛನ ಒಂದು ಡ್ರ್ಯಾಗನ್. ಏಕೆ? ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಥಟ್ಟನೆ ಹೊಳೆಯುತ್ತದೆ. ಆಹೊ, ಸೇಥಿ, ಉಲ್ಮನ್ ಬರೆದ 1986ರ ಕಂಪೈಲರ್ ಪಠ್ಯಪುಸ್ತಕದ ರಕ್ಷಾಪುಟದಲ್ಲಿ ಡ್ರ್ಯಾಗನ್ ಇದೆ. ಪುಸ್ತಕದ ನಿಜವಾದ ಹೆಸರು ಮರೆತವರೂ ‘ಡ್ರ್ಯಾಗನ್ ಬುಕ್’ ಎಂದರೆ ತಲೆಯಾಡಿಸುತ್ತಾರೆ. ನಡುವಿನ ರವಿ ಸೇಥಿ ನಮ್ಮ ಐಐಟಿ ಕಾನ್ಪುರದವರು!

ಕಂಪೈಲರು ಅಂದರೆ ದೊಡ್ಡದೇ ಆಗಿರಬೇಕೇ? ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಅವರನ್ನು ಕೇಳಿ. ಯಾರಿಗೂ ಅರ್ಥವಾಗದಂತೆ ಕೋಡು ಬರೆಯುವ ಅಂತಾರಾಷ್ಟ್ರೀಯ ಸ್ಪರ್ಧೆಯೊಂದಿದೆ. ಅಲ್ಲಿ ಅವರೊಂದು ಪುಟಾಣಿ ಸಿ ಕಂಪೈಲರು ಬರೆದು 2001ರಲ್ಲಿ ಗೆದ್ದರು! ಅದೇ ಬೆಳೆದು ಟೈನಿ ಸಿ ಕಂಪೈಲರ್ ಆಯಿತು.

ಅದರ ವೇಗ ಕೇಳಿ. 2004ರಲ್ಲಿ ಬೆಲ್ಲಾರ್ ಕಂಪ್ಯೂಟರಿನ ಸ್ವಿಚ್ಚು ಹಾಕಿದರು. ಲಿನಕ್ಸಿನ ಕರ್ನಲ್ ಮೂಲ ಕೋಡಿನಿಂದ ಅಲ್ಲೇ, ಆಗಲೇ ಕಂಪೈಲಾಗಿ ಓಡತೊಡಗಿತು. ಹಿಡಿದ ಸಮಯ ಸುಮಾರು 15 ಸೆಕೆಂಡು! ಪೆಂಟಿಯಮ್ 4ರ ಕಾಲದಲ್ಲಿ! ವಿಡಿಯೊ ತಿರುಗಿಸುವ ಎಫ್‌ಎಫ್‌ಎಂಪೆಗ್, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಕ್ಯೂಎಮು ಎರಡನ್ನೂ ಶುರುಮಾಡಿದ್ದು ಇದೇ ಮನುಷ್ಯ ಎಂದರೆ ನಂಬುತ್ತೀರಾ?

ಕೆಟ್ಟ ಲಿಫ್ಟಿನಿಂದಲೂ ಒಂದು ಭಾಷೆ ಹುಟ್ಟಿದೆ! ಗ್ರೇಡನ್ ಹೋರ್ ಎಂಬ ಪ್ರೋಗ್ರಾಮರ್ 2006ರಲ್ಲಿ ಮನೆಗೆ ಬಂದರೆ ಲಿಫ್ಟು ನಿಂತಿತ್ತು. ಅದರ ಸಾಫ್ಟ್‌ವೇರ್ ಕೈಕೊಟ್ಟಿತ್ತು. ಮನೆ ಇದ್ದದ್ದು 21ನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಮೇಲೆ ಹೋದವರು, ಹೀಗೆ ಕೈಕೊಡದ ಪ್ರೋಗ್ರಾಮು ಬರೆಯಲೆಂದು ಒಂದು ಭಾಷೆ ಕಟ್ಟತೊಡಗಿದರು. ಅದೇ ರಸ್ಟ್!

ಹೊಸದಾಗಿ ಕಲಿಯುವವರಿಗೆ ನಾನು ತೋರಿಸುವ ಬಾಗಿಲು, ಮೊದಲು ಹೇಳಿದ ಫ್ರೀ ಪ್ಯಾಸ್ಕಲಿನ ಮೇಲೆ ಕಟ್ಟಿದ ಲಾಜರಸ್. ತೆರೆದ ಕೂಡಲೇ ಒಂದು ಖಾಲಿ ಕಿಟಕಿ ನಿಮ್ಮ ಮುಂದಿರುತ್ತದೆ. ಮೇಲಿನ ಪಟ್ಟಿಯಿಂದ ಬಟನ್ನು ಆರಿಸಿ ಆ ಕಿಟಕಿಯ ಮೇಲೆ ಕ್ಲಿಕ್ಕಿಸಿ. ಬಟನ್ನು ಬಂದು ಕೂರುತ್ತದೆ. ಅದನ್ನು ಎರಡು ಸಲ ಒತ್ತಿದರೆ ಕೋಡು ಬರೆಯುವ ಜಾಗ ತಾನೇ ತೆರೆದುಕೊಳ್ಳುತ್ತದೆ. ಒಂದು ಸಾಲು ಬರೆದು ಎಫ್9 ಒತ್ತಿ. ನಿಮ್ಮ ಮೊದಲ ಪ್ರೋಗ್ರಾಮು ಓಡಿತು!

ಲಾಜರಸ್ ಎಂಬ ಹೆಸರೇ ಏಕೆ? ಪ್ಯಾಸ್ಕಲ್ ಸಾಧನವಾದ ಡೆಲ್ಫಿಯಂಥದ್ದೇ ಮುಕ್ತ ಸಾಧನ ಕಟ್ಟಲು ‘ಮೆಗಿಡೊ’ ಎಂಬ ತಂಡ ಹೊರಟಿತ್ತು. ಆ ಪ್ರಯತ್ನ ಸತ್ತುಹೋಯಿತು. 1999ರಲ್ಲಿ ಅದರ ಬೂದಿಯಿಂದ ಎದ್ದದ್ದು ಇದು. ಬೈಬಲ್ಲಿನಲ್ಲಿ ಸತ್ತು ಮತ್ತೆ ಎದ್ದುಬಂದವನ ಹೆಸರು ಲಾಜರಸ್ ಅಲ್ಲವೇ! 1.0 ಆವೃತ್ತಿ ಬರಲು ಮಾತ್ರ 2012ರವರೆಗೆ ಕಾಯಬೇಕಾಯಿತು. ಆ ತಾಳ್ಮೆಗೆ ಒಂದು ನಮಸ್ಕಾರ!

ಇದು ಬರೀ ಕಲಿಯುವವರ ಆಟಿಕೆ ಅಂದುಕೊಂಡಿರಾ? ಫೈಲು ಕುಗ್ಗಿಸುವ ಪೀಜಿಪ್ ತಯಾರಾದದ್ದು ಲಾಜರಸ್ಸಿನಲ್ಲಿ. ಹೆಸರಾಂತ ಫೈಲ್ ಮ್ಯಾನೇಜರ್ ಟೋಟಲ್ ಕಮಾಂಡರಿನ 64 ಬಿಟ್ ಆವೃತ್ತಿಯೂ ಅದರಲ್ಲೇ!

ಮೈಕ್ರೋಸಾಫ್ಟಿನ ವಿಷುವಲ್ ಸ್ಟುಡಿಯೋ ಕೂಡ ಪುಕ್ಕಟೆ ಸಿಗುತ್ತದೆ. 2014ರಲ್ಲಿ ಬಂದ ಕಮ್ಯೂನಿಟಿ ಆವೃತ್ತಿಯಲ್ಲಿ ಒಬ್ಬರೇ ಕುಳಿತು ಮಾಡಿದ ಸಾಫ್ಟ್‌ವೇರನ್ನು ಮಾರಲೂಬಹುದು. ಸಣ್ಣ ಕಂಪನಿಯಾದರೆ ಐವರು ಬಳಸಬಹುದು. ಆದರೆ 250ಕ್ಕಿಂತ ಹೆಚ್ಚು ಕಂಪ್ಯೂಟರುಗಳೋ, ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಹೆಚ್ಚು ಆದಾಯವೋ ಇರುವ ಕಂಪನಿ ತನ್ನ ವ್ಯವಹಾರದ ಸಾಫ್ಟ್‌ವೇರಿಗೆ ದುಡ್ಡು ಕೊಟ್ಟೇ ಪಡೆಯಬೇಕು. ನೆನಪಿದೆಯಲ್ಲ? ಪುಕ್ಕಟೆ ಬೇರೆ, ಮುಕ್ತ ಬೇರೆ!

ಹಾಗೆಂದು ಮೈಕ್ರೋಸಾಫ್ಟ್ ಎಲ್ಲವನ್ನೂ ಮುಚ್ಚಿಟ್ಟಿಲ್ಲ. 2014ರಲ್ಲಿ ತನ್ನ ಸಿ ಶಾರ್ಪ್ ಕಂಪೈಲರನ್ನು ಮುಕ್ತ ಮಾಡಿತು. ವೇದಿಕೆಯ ಮೇಲೆ, ಜನರ ಎದುರಿಗೇ ಅದನ್ನು ಬಿಡುಗಡೆ ಮಾಡಿದವರು ಆ್ಯಂಡರ್ಸ್ ಹೈಲ್ಸ್‌ಬರ್ಗ್. ಅವರು ಯಾರು ಗೊತ್ತೇ? ಆ 49.95 ಡಾಲರಿನ ಟರ್ಬೊ ಪ್ಯಾಸ್ಕಲ್ ಬರೆದವರೇ!

ಈಗ ಲೈಬ್ರರಿಗಳ ಸರದಿ. ಒಂದು ಪಾರ್ಕಿನ ಬೆಂಚಿನಿಂದ ಶುರುಮಾಡೋಣ. 1990ರ ಬೇಸಿಗೆ, ನಾರ್ವೆ. ಹೋವರ್ಡ್ ನೂರ್, ಐರಿಕ್ ಶಾಂಬೆ-ಎಂಗ್ ಎಂಬ ಇಬ್ಬರು ಅಲ್ಟ್ರಾಸೌಂಡ್ ಚಿತ್ರಗಳ ಡೇಟಾಬೇಸ್ ಬರೆಯುತ್ತಿದ್ದರು. ಅದು ವಿಂಡೋಸಿನಲ್ಲೂ, ಮ್ಯಾಕ್‌ನಲ್ಲೂ, ಯುನಿಕ್ಸಿನಲ್ಲೂ ಓಡಬೇಕಿತ್ತು. ಬಿಸಿಲು ಕಾಯಿಸಿಕೊಳ್ಳಲು ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಹೊಳೆದ ಯೋಚನೆಯೇ ‘ಕ್ಯೂಟ್’ ಲೈಬ್ರರಿ!

ಹೆಸರಿನ ಮೊದಲಕ್ಷರ ಕ್ಯೂ ಏಕೆ? ಹೋವರ್ಡ್ ಬಳಸುತ್ತಿದ್ದ ಇಮ್ಯಾಕ್ಸ್ ಎಡಿಟರಿನ ಫಾಂಟಿನಲ್ಲಿ ಆ ಅಕ್ಷರ ಚೆಂದ ಕಾಣುತ್ತಿತ್ತು. ಅಷ್ಟೇ ಕಾರಣ! ಮುಂದಿನ ಟಿ ಅಂದರೆ ಟೂಲ್‌ಕಿಟ್. ಎರಡೇ ಅಕ್ಷರ, ಓದುವಾಗ ಮಾತ್ರ ಮುದ್ದಾಗಿ ‘ಕ್ಯೂಟ್’.

1994ರಲ್ಲಿ ಕಂಪನಿ ತೆರೆದಾಗ ಅವರ ಕೈಯಲ್ಲಿ ಗಿರಾಕಿ ಇಲ್ಲ, ಸರಕು ಪೂರ್ತಿಯಾಗಿಲ್ಲ, ದುಡ್ಡೂ ಇಲ್ಲ. ಮತ್ತೆ ಸಂಸಾರ ಸಾಗಿದ್ದು ಹೇಗೆ? ಇಬ್ಬರ ಹೆಂಡತಿಯರೂ ಕೆಲಸದಲ್ಲಿದ್ದರು. ಗಂಡಂದಿರು ಕೋಡು ಬರೆಯಲಿ ಎಂದು ಮನೆಯ ಖರ್ಚು ಹೊತ್ತವರು ಅವರೇ. ಕ್ಯೂಟಿನ ಚರಿತ್ರೆಯಲ್ಲಿ ಆ ಇಬ್ಬರು ಹೆಣ್ಣುಮಕ್ಕಳದ್ದೂ ದೊಡ್ಡ ಪಾಲು! ಮೊದಲ ಬಿಡುಗಡೆ 1995ರ ಮೇ 20ರಂದು. ಮರುವರ್ಷವೇ ಎರಡನೆಯ ಗಿರಾಕಿ ಬಂದ. ಯಾರು? ಯುರೋಪಿನ ಬಾಹ್ಯಾಕಾಶ ಸಂಸ್ಥೆ!

ಕ್ಯೂಟಿನ ಒಡೆತನ ನೋಕಿಯಾಗೆ ಹೋಯಿತು, ಆಮೇಲೆ ಡಿಜಿಯಾಗೆ. ನಾಳೆ ಯಾರೋ ಕೊಂಡು ಕ್ಯೂಟಿಗೆ ಬೀಗ ಜಡಿದರೆ? ಅದಕ್ಕೂ 1998ರಲ್ಲೇ ಮದ್ದು ಅರೆದಿಟ್ಟಿದ್ದಾರೆ. ಕ್ಯೂಟ್ ಬಳಸಿ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಬಳಗದವರು ಕಂಪನಿಯ ಜೊತೆ ಒಪ್ಪಂದ ಮಾಡಿ ಒಂದು ಪ್ರತಿಷ್ಠಾನ ಕಟ್ಟಿದ್ದಾರೆ. 12 ತಿಂಗಳೊಳಗೆ ಮುಕ್ತ ಆವೃತ್ತಿ ಬರದಿದ್ದರೆ, ಆ ಪ್ರತಿಷ್ಠಾನವೇ ಕ್ಯೂಟನ್ನು ಇನ್ನೂ ಸಡಿಲವಾದ ಲೈಸೆನ್ಸಿನಲ್ಲಿ ಹೊರಬಿಡಬಹುದು! ಲೈಬ್ರರಿ ಆರಿಸುವಾಗ ಇಂಥ ಭದ್ರತೆ ಇದೆಯೇ ಎಂದು ನೋಡುವುದು ನನ್ನ ಮಟ್ಟಿಗೆ ಅಂದಚೆಂದಕ್ಕಿಂತ ಮುಖ್ಯ.

ಪೈಥಾನಿನಲ್ಲಿ ಬರೆಯುವವರೇ, ಇಲ್ಲಿ ಗಮನಿಸಿ! ಕ್ಯೂಟನ್ನು ಪೈಥಾನಿಗೆ ಜೋಡಿಸುವ ಕೊಂಡಿಗಳು ಎರಡಿವೆ. ನೋಡಲು ಅವಳಿ ಮಕ್ಕಳಂತೆ. ಪೈಕ್ಯೂಟ್ ಬಳಸಿದರೆ ನಿಮ್ಮ ಕೋಡನ್ನು, ಎಲ್ಲರಿಗೂ ತೆರೆದಿಡುವ ಲೈಸೆನ್ಸಾದ ಜಿಪಿಎಲ್‌ನಡಿ ಕೊಡಬೇಕು, ಇಲ್ಲವೇ ಲೈಸೆನ್ಸ್ ಕೊಳ್ಳಬೇಕು. ಪೈಸೈಡ್ ಬಳಸಿದರೆ ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್, ನಿಮ್ಮ ಕೋಡು ನಿಮ್ಮಲ್ಲೇ ಉಳಿಯಬಹುದು. ಒಂದೇ ಬಗೆಯ ಕೆಲಸ, ಎರಡು ಬಗೆಯ ಕಾನೂನು!

ಎಲ್‌ಜಿಪಿಎಲ್‌ನ ಎಲ್ ಅಂದರೇನು? 1991ರಲ್ಲಿ ‘ಲೈಬ್ರರಿ’. 1999ರಲ್ಲಿ ಅದನ್ನೇ ‘ಲೆಸ್ಸರ್’ ಎಂದು ಬದಲಿಸಿದರು. ಎಲ್ಲ ಲೈಬ್ರರಿಗೂ ಇದನ್ನೇ ಹಚ್ಚಿಬಿಟ್ಟಾರು ಎಂಬ ಅಂಜಿಕೆ! ಬಳಸುವವರಿಗೆ ಸುಲಭದ ದಾರಿ ಇಷ್ಟು: ಅಂಥ ಲೈಬ್ರರಿಯನ್ನು ನಿಮ್ಮ ಪ್ರೋಗ್ರಾಮಿನೊಳಗೆ ಅರೆದು ಸೇರಿಸಬೇಡಿ, ಡಿಎಲ್‌ಎಲ್ ಎಂಬ ಬೇರೆ ಫೈಲಾಗಿ ಪಕ್ಕದಲ್ಲಿಡಿ.

ಒಳ್ಳೆಯ ಮಾತೇ ತೊಡಕಾದ ಲೈಸೆನ್ಸೂ ಇದೆ! ಡಗ್ಲಸ್ ಕ್ರಾಕ್‌ಫರ್ಡ್ ಡೇಟಾ ಬರೆದಿಡುವ ವಿಧಾನವಾದ ಜೇಸನ್ನಿನ ತಮ್ಮ ಕೋಡಿನ ಲೈಸೆನ್ಸಿನಲ್ಲಿ, ಇದನ್ನು ಒಳಿತಿಗೆ ಬಳಸಬೇಕು, ಕೆಡುಕಿಗಲ್ಲ ಎಂಬ ಷರತ್ತು ಸೇರಿಸಿದರು. ಎಷ್ಟು ಒಳ್ಳೆಯ ಮನಸ್ಸು! ಆದರೆ ಬಳಕೆಗೆ ಷರತ್ತು ಬಂದಮೇಲೆ ಅದು ಮುಕ್ತವಲ್ಲ ಎಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತೀರ್ಪಿತ್ತಿತು.

ಚಿತ್ರ ತಿದ್ದಲು ಹೊರಟವರು ಡೆಸ್ಕ್‌ಟಾಪಿಗೇ ಅಡಿಪಾಯ ಹಾಕಿದ ಕಥೆ ಗೊತ್ತೇ? ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಬರ್ಕ್‌ಲಿಯ ವಿದ್ಯಾರ್ಥಿಗಳು. ‘ಗಿಂಪ್’ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ಬರೆದರು. ಅದಕ್ಕೆ ಬಳಸಿದ್ದ ಮೋಟಿಫ್ ಲೈಬ್ರರಿ ಸಾಕಾಗಿ ತಮ್ಮದೇ ಒಂದನ್ನು ಮಾಡಿಕೊಂಡರು. ಹೆಸರು ಜಿಟಿಕೆ, ಅಂದರೆ ಗಿಂಪ್ ಟೂಲ್‌ಕಿಟ್. ಇವತ್ತು ಗ್ನೋಮ್ ಡೆಸ್ಕ್‌ಟಾಪ್ ನಿಂತಿರುವುದೇ ಅದರ ಮೇಲೆ!

ಲಿನಕ್ಸ್ ಬರೆದ ಟೊರ್ವಾಲ್ಡ್ಸ್ ಸಮುದ್ರದಾಳಕ್ಕೆ ಇಳಿಯುವ ಹವ್ಯಾಸಿ. ಮುಳುಗಿದ ಲೆಕ್ಕ ಇಡಲು 2011ರಲ್ಲಿ ‘ಸಬ್‌ಸರ್ಫೇಸ್’ ಎಂಬ ಡೆಸ್ಕ್‌ಟಾಪ್ ಪ್ರೋಗ್ರಾಮು ಬರೆದರು. ಬರೆದದ್ದು ಜಿಟಿಕೆಯಲ್ಲಿ. ಎರಡೇ ವರ್ಷಕ್ಕೆ ಅದು ಕ್ಯೂಟಿಗೆ ಗುಳೆ ಹೋಯಿತು! ಲೈಬ್ರರಿ ಆರಿಸುವುದು ಅವರಂಥವರಿಗೂ ಒಂದೇ ಸಲಕ್ಕೆ ಕೂಡಿಬರಲಿಲ್ಲ.

ಹಾಗೆ ಗುಳೆ ಹೋದವರು ಇನ್ನೂ ಇದ್ದಾರೆ. ನೆಟ್‌ವರ್ಕ್ ಜಾಲಾಡುವ ವೈರ್‌ಶಾರ್ಕ್ ಜಿಟಿಕೆ ಬಿಟ್ಟು ಕ್ಯೂಟಿಗೆ ಬಂತು. ವಿಎಲ್‌ಸಿ ಪ್ಲೇಯರ್ 2008ರಲ್ಲಿ ಡಬ್ಲ್ಯುಎಕ್ಸ್ ವಿಜೆಟ್ಸ್ ಬಿಟ್ಟು ಕ್ಯೂಟಿಗೆ ಬಂತು. ನೀವು ಸಿನಿಮಾ ನೋಡುವಾಗ ಒತ್ತುವ ಆ ಪಾಸ್ ಬಟನ್ನು ನಾರ್ವೆಯ ಬೆಂಚಿನ ಕೂಸು!

ಡಬ್ಲ್ಯುಎಕ್ಸ್ ವಿಜೆಟ್ಸ್ ಅಂದೆನಲ್ಲ, ಅದರ ಮೊದಲ ಹೆಸರು ಡಬ್ಲ್ಯುಎಕ್ಸ್ ವಿಂಡೋಸ್. ಎಡಿನ್‌ಬರೊದ ಜೂಲಿಯನ್ ಸ್ಮಾರ್ಟ್ 1992ರಲ್ಲಿ ಶುರುಮಾಡಿದ್ದು. ವಿಂಡೋಸ್ ಎಂಬುದು ನಮ್ಮ ಟ್ರೇಡ್‌ಮಾರ್ಕ್ ಎಂದಿತು ಮೈಕ್ರೋಸಾಫ್ಟ್. 2004ರಲ್ಲಿ ನಾಮಕರಣ ಮತ್ತೊಮ್ಮೆ ನಡೆಯಿತು! ಇದರ ಗುಣವೆಂದರೆ ತಾನೇ ಬಟನ್ನು ಬಿಡಿಸುವುದಿಲ್ಲ, ಆಯಾ ಸಿಸ್ಟಮ್ಮಿನ ಬಟನ್ನನ್ನೇ ಕರೆಯುತ್ತದೆ. ಹಾಗಾಗಿ ನಿಮ್ಮ ಪ್ರೋಗ್ರಾಮು ವಿಂಡೋಸಿನಲ್ಲಿ ವಿಂಡೋಸಿನಂತೆ, ಮ್ಯಾಕ್‌ನಲ್ಲಿ ಮ್ಯಾಕ್‌ನಂತೆ!

ವಿಎಸ್ ಕೋಡ್ ಎಡಿಟರನ್ನು ಬಳಸಿದ್ದೀರಾ? ನೀವು ತೆರೆದದ್ದು ನಿಜಕ್ಕೂ ಒಂದು ಇಡೀ ಬ್ರೌಸರು! ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಮಾಡಿದ ಪ್ರತಿ ಪ್ರೋಗ್ರಾಮೂ ತನ್ನ ಹೊಟ್ಟೆಯೊಳಗೆ ಕ್ರೋಮಿಯಮ್ ಬ್ರೌಸರನ್ನೇ ಹೊತ್ತು ತಿರುಗುತ್ತದೆ. ‘ನಮಸ್ಕಾರ’ ಎಂದು ತೋರಿಸುವ ಪುಟ್ಟ ಪ್ರೋಗ್ರಾಮೂ ಅಷ್ಟೇ ಭಾರ! ಟೌರಿ ಎಂಬ ಇನ್ನೊಂದು ಚೌಕಟ್ಟು ಸಿಸ್ಟಮ್ಮಿನಲ್ಲಿ ಮೊದಲೇ ಇರುವ ಬ್ರೌಸರ್ ಭಾಗವನ್ನು ಎರವಲು ಪಡೆದು ತಾನು ತೆಳ್ಳಗಿರುತ್ತದೆ.

ಆ ಕ್ರೋಮಿಯಮ್ಮಿನ ಮುತ್ತಜ್ಜ ಯಾರು? ಕೆಡಿಇ ಬಳಗದ ಕೆಎಚ್‌ಟಿಎಂಎಲ್! ಅದನ್ನು ಎತ್ತಿಕೊಂಡು ಆಪಲ್ ವೆಬ್‌ಕಿಟ್ ಮಾಡಿತು. ಅದರಿಂದ ಗೂಗಲ್ 2013ರಲ್ಲಿ ಬ್ಲಿಂಕ್ ಮಾಡಿತು. ಕ್ಯೂಟನ್ನು ನೆಚ್ಚಿ ಡೆಸ್ಕ್‌ಟಾಪ್ ಕಟ್ಟುತ್ತಿದ್ದ ಒಂದು ಸ್ವಯಂಸೇವಕರ ಬಳಗದ ಕೋಡಿನ ವಂಶ ಇವತ್ತು ಕೋಟಿಗಟ್ಟಲೆ ಮೊಬೈಲುಗಳಲ್ಲಿದೆ!

ಲೆಕ್ಕ ಇಡುವ ಪ್ರೋಗ್ರಾಮಿಗೆ ಡೇಟಾಬೇಸ್ ಬೇಕು. ಎಸ್‌ಕ್ಯೂಲೈಟ್ ತೆಗೆದುಕೊಳ್ಳಿ. ಅದು ಹುಟ್ಟಿದ್ದು ಅಮೆರಿಕದ ಯುದ್ಧನೌಕೆಯೊಂದರ ಕೆಲಸಕ್ಕಾಗಿ! ರಿಚರ್ಡ್ ಹಿಪ್ 2000ದಲ್ಲಿ ಬರೆದದ್ದು. ಸರ್ವರು ಬೇಡ, ಅಪ್ಪಣೆ ಬೇಡ, ಎಲ್ಲ ಒಂದೇ ಫೈಲಿನಲ್ಲಿ. ಅದಕ್ಕೆ ಲೈಸೆನ್ಸೇ ಇಲ್ಲ. ಆ ಜಾಗದಲ್ಲಿ ಓದುವವರಿಗೆ ಒಂದು ಹಾರೈಕೆಯಿದೆ! ಲೈಸೆನ್ಸ್ ಪತ್ರ ಬೇಕೇ ಬೇಕು ಎನ್ನುವ ಕಂಪನಿಗಳು ದುಡ್ಡು ಕೊಟ್ಟು ಒಂದು ಖಾತರಿ ಪತ್ರ ಕೊಳ್ಳಬಹುದು. ಅದರ ಪರೀಕ್ಷಾ ಕೋಡು ಅಸಲು ಕೋಡಿನ ಎಷ್ಟು ಪಟ್ಟು? ಅವರೇ ಕೊಟ್ಟ ಲೆಕ್ಕದಲ್ಲಿ 590 ಪಟ್ಟು!

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಆಗಾಗ ವಿಚಿತ್ರ ಪತ್ರ ಬರುತ್ತದೆ. ‘ನನ್ನ ಕಾರಿನ ಸ್ಕ್ರೀನು ಕೆಲಸ ಮಾಡುತ್ತಿಲ್ಲ, ಸರಿ ಮಾಡಿ’ ಎಂಬಂಥ ಪತ್ರ! ಏಕೆಂದರೆ ಇಂಟರ್ನೆಟ್ಟಿನಿಂದ ಮಾಹಿತಿ ತರುವ ಅವರ ‘ಕರ್ಲ್’ ಲೈಬ್ರರಿ ಆ ಕಾರುಗಳಲ್ಲಿದೆ. ಲೈಸೆನ್ಸಿನ ಪುಟದಲ್ಲಿ ಅವರ ಹೆಸರು ಕಂಡ ಜನ ಅವರನ್ನೇ ಮೆಕ್ಯಾನಿಕ್ ಅಂದುಕೊಳ್ಳುತ್ತಾರೆ! ಮಂಗಳ ಗ್ರಹದಲ್ಲಿ 2021ರಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರಿನ ಕೆಲಸದಲ್ಲೂ ಅವರ ಕೋಡಿಗೆ ಪಾಲಿದೆ.

ಈಗ ನಮ್ಮ ಮನೆಯ ವಿಷಯಕ್ಕೆ, ಕನ್ನಡಕ್ಕೆ ಬರೋಣ. ‘ಸ್ತ್ರೀ’ ಎಂದು ಬರೆಯಿರಿ. ಎಷ್ಟು ಅಕ್ಷರ? ನಮ್ಮ ಕಣ್ಣಿಗೆ ಒಂದೇ. ಪೈಥಾನನ್ನು ಕೇಳಿ, 6 ಎನ್ನುತ್ತದೆ! ಸ, ಒಂದು ವಿರಾಮ, ತ, ಮತ್ತೊಂದು ವಿರಾಮ, ರ, ದೀರ್ಘ ಈಕಾರ. ಸಿ ಭಾಷೆಯನ್ನು ಕೇಳಿದರೆ ಇನ್ನೂ ಮೋಜು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 18! ಸಾಲಿನ ಉದ್ದ ಎಣಿಸಿ ಕತ್ತರಿಸುವ ಪ್ರೋಗ್ರಾಮು ನಮ್ಮ ಪದದ ಕತ್ತನ್ನೇ ಕತ್ತರಿಸುವುದು ಇಲ್ಲಿಯೇ.

‘ಸೂರ್ಯ’ ಬರೆದು ನೋಡಿ. ಕೀಲಿಮಣೆಯಲ್ಲಿ ಮೊದಲು ಒತ್ತಿದ್ದು ರ, ಆಮೇಲೆ ಯ. ಪರದೆಯಲ್ಲಿ ಮೊದಲು ಕಂಡದ್ದು ಯ, ಅದರ ಬಲಕ್ಕೆ ಅರ್ಕಾವತ್ತು! ಈ ಅದಲು ಬದಲು ಮಾಡಿದವರು ಯಾರು? ಬಹುಪಾಲು ಕಡೆ ‘ಹಾರ್ಫ್‌ಬಝ್’ ಎಂಬ ಮುಕ್ತ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಜಿಟಿಕೆ, ಕ್ಯೂಟ್ ಎಲ್ಲದರ ಒಳಗೂ ಅದು ಕೂತಿದೆ. ಹೆಸರಿನ ಮೂಲ ಪಾರಸಿ. ‘ಹರ್ಫ್’ ಅಂದರೆ ಅಕ್ಷರ, ‘ಬಾಜ್’ ಅಂದರೆ ತೆರೆದದ್ದು. ಪಾರಸಿ ಹೆಸರಿನ ಈ ಲೈಬ್ರರಿ ಪ್ರತಿದಿನ ನಮ್ಮ ಒತ್ತಕ್ಷರಗಳನ್ನು ಜೋಡಿಸುತ್ತಿದೆ!

ಎಲ್ಲ ಲೈಬ್ರರಿಗೂ ಈ ವಿದ್ಯೆ ಬರುವುದಿಲ್ಲ. ಆಟ ಕಟ್ಟುವವರ ಅಚ್ಚುಮೆಚ್ಚಿನ ಡಿಯರ್ ಇಮ್‌ಗುಯಿ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಇಡುತ್ತದೆ, ಅಷ್ಟೇ. ಒತ್ತಕ್ಷರ ಕೂಡುವುದಿಲ್ಲ. ಪೈಥಾನಿನ ಜೊತೆ ಬರುವ ಟಿಕೆಇಂಟರ್ ಕಲಿಯಲು ಬಲು ಸುಲಭ, ಆದರೆ ಅದರೊಳಗಿನ ಟಿಕೆ ಲೈಬ್ರರಿಯ 8.6 ಆವೃತ್ತಿ ಲಿನಕ್ಸಿನಲ್ಲಿ ನಮ್ಮ ಒತ್ತುಗಳನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಇಂಗ್ಲಿಷಿನಲ್ಲಿ ನೋಡಿದಾಗ ಎರಡೂ ಎಷ್ಟು ಚೊಕ್ಕ!

ಕನ್ನಡದಲ್ಲೇ ಪ್ರೋಗ್ರಾಮು ಬರೆಯಬಹುದು ಗೊತ್ತೇ? ಪೈಥಾನ್ 3ರಲ್ಲಿ ‘ಬೆಲೆ’, ‘ಒಟ್ಟು’, ‘ಸಂಖ್ಯೆ’ ಎಂದೇ ಹೆಸರಿಡಿ. ಬೆಲೆಯನ್ನು ಸಂಖ್ಯೆಯಿಂದ ಗುಣಿಸಿ ಒಟ್ಟಿಗೆ ಹಾಕಿ. ತಕರಾರಿಲ್ಲದೆ ಓಡುತ್ತದೆ! ಜಿಸಿಸಿಯೂ 2020ರ 10ನೆಯ ಆವೃತ್ತಿಯಿಂದ ಇಂಥ ಹೆಸರುಗಳನ್ನು ನೇರವಾಗಿ ಒಪ್ಪುತ್ತದೆ.

ಇನ್ನೂ ಇದೆ! ಬಳಕೆದಾರರು ಬೆಲೆಯ ಜಾಗದಲ್ಲಿ ‘೪೫’ ಎಂದು ಕನ್ನಡ ಅಂಕಿಯಲ್ಲೇ ಬರೆದರು ಅನ್ನಿ. ಪೈಥಾನಿನ ಇಂಟ್ ಎಂಬ ಸೂಚನೆಗೆ ಅದನ್ನು ಕೊಡಿ. ಸರಿಯಾಗಿ 45 ಎಂದೇ ತಿಳಿದುಕೊಳ್ಳುತ್ತದೆ! ನಾನಂತೂ ಇದನ್ನು ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದೇಬಿಟ್ಟಿದ್ದೆ.

ಒಂದು ಎಚ್ಚರಿಕೆ. ‘ಸಾಫ್ಟ್‌ವೇರ್’ ಎಂದು ಹೆಸರಿಟ್ಟರೆ ಮಾತ್ರ ಪೈಥಾನ್ ಮುನಿಸಿಕೊಳ್ಳುತ್ತದೆ! ಟ್ ಮತ್ತು ವೇ ಕೂಡಿಕೊಂಡು ಒತ್ತಕ್ಷರವಾಗದಿರಲು ನಾವು ನಡುವೆ ಒಂದು ಕಾಣದ ಸಂಕೇತ ಇಡುತ್ತೇವಲ್ಲ, ಅದಕ್ಕೆ ಹೆಸರುಗಳಲ್ಲಿ ಪ್ರವೇಶವಿಲ್ಲ. ಕಣ್ಣಿಗೆ ಕಾಣದ್ದೊಂದು ಇಡೀ ಪ್ರೋಗ್ರಾಮನ್ನು ನಿಲ್ಲಿಸುತ್ತದೆ.

ಹಾಗಾಗಿ ನಿಮ್ಮಲ್ಲಿ ಒಂದೇ ಕೋರಿಕೆ. ಯಾವ ಲೈಬ್ರರಿಯನ್ನಾದರೂ ಆರಿಸಿ, ಕ್ಯೂಟೋ, ಜಿಟಿಕೆಯೋ, ಲಾಜರಸ್ಸೋ. ಕೆಲಸ ಶುರುಮಾಡುವ ಮೊದಲು ಅದರ ಮಾದರಿ ಪ್ರೋಗ್ರಾಮು ತೆರೆದು, ಬರೆಯುವ ಪೆಟ್ಟಿಗೆಯಲ್ಲಿ ‘ಸ್ತ್ರೀ’ ಮತ್ತು ‘ಸೂರ್ಯ’ ಎಂದು ಟೈಪು ಮಾಡಿ. ಒತ್ತುಗಳು ಸರಿಯಾಗಿ ಕೂಡಿದವೇ ನೋಡಿ. ಬ್ಯಾಕ್‌ಸ್ಪೇಸನ್ನು ಒಂದೊಂದೇ ಸಲ ಒತ್ತಿ, ಏನು ಅಳಿಯುತ್ತದೆ ನೋಡಿ. ಐದು ನಿಮಿಷ ಸಾಕು. ಅದರಲ್ಲಿ ಪಾಸಾದ ಲೈಬ್ರರಿಯನ್ನೇ ಇಟ್ಟುಕೊಳ್ಳಿ. ಫೇಲಾದದ್ದು ಕಂಡರೆ ಅದನ್ನು ಬರೆದವರಿಗೆ ತಿಳಿಸಿ, ಮುಕ್ತ ಕೋಡಾದ್ದರಿಂದ ನೀವೇ ತಿದ್ದಿ ಕಳಿಸಲೂಬಹುದು!